ಚೀಸ್‌ಗಿಂತ ಮೊದಲು ಹಾಲೊಡಕಿನ ಲೆಕ್ಕ
ಬೆಳಗಾವಿ–ಖಾನಾಪುರದ ಹೊಸ ಚೀಸ್ ಉದ್ಯಮಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ ಮತ್ತು ಖಾನಾಪುರದಲ್ಲಿ ಚೀಸ್ ಮಾಡಿ ಉದ್ಯಮ ಕಟ್ಟಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ,



ಬೆಳಗಾವಿಯ ಕುಂದಾ ಹುಟ್ಟಿದ್ದು ಮರೆವಿನಿಂದ ಎಂದು ಊರ ಮಂದಿ ಹೇಳುತ್ತಾರೆ. ಜಕ್ಕು ಮಾರವಾಡಿ ಎಂಬ ಮಿಠಾಯಿ ವ್ಯಾಪಾರಿ ಒಲೆಯ ಮೇಲಿಟ್ಟ ಹಾಲನ್ನು ಮರೆತರಂತೆ, ಹಾಲು ಬತ್ತಿ ಕಂದು ಬಣ್ಣಕ್ಕೆ ತಿರುಗಿತಂತೆ, ಅದನ್ನು ಚೆಲ್ಲುವ ಬದಲು ಮಾರಲು ಇಟ್ಟರಂತೆ. ಕಥೆಯಲ್ಲಿ ಎಷ್ಟು ನಿಜವಿದೆಯೋ ಇರಲಿ, ಕುಂದಾದ ಹಿಂದಿನ ಹಾಲಿನ ದಾರಿ ಮಾತ್ರ ಯಾರಾದರೂ ಹೋಗಿ ನೋಡಬಹುದಾದದ್ದು. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಎಮ್ಮೆ ಹಾಲು ಅಲ್ಲಿನ ಭಟ್ಟಿಗಳಲ್ಲೇ ಖವಾ ಆಗಿ ಬೆಳಗಾವಿಯ ಮಿಠಾಯಿ ಅಂಗಡಿಗಳನ್ನು ಸೇರುತ್ತದೆ. ಹಾಲು ಕೆಡುವ ಮೊದಲು ಅದನ್ನು ಗಟ್ಟಿಯಾಗಿಸಿ ದೂರದ ಪೇಟೆಗೆ ಮುಟ್ಟಿಸುವ ವಿದ್ಯೆ ಈ ಕಾಡಂಚಿನ ಊರುಗಳಿಗೆ ಹೊಸದಲ್ಲ.

ಚೀಸ್ ಕೂಡ ಅದೇ ಕೆಲಸ ಮಾಡುತ್ತದೆ, ಬೇರೆ ದಾರಿಯಲ್ಲಿ. ಈ ಪತ್ರ ಆ ಬೇರೆ ದಾರಿಯ ಬಗ್ಗೆ. ಚೀಸ್ ಮಾಡುವ ವಿಧಾನ ಪುಸ್ತಕದಲ್ಲಿ ಸಿಗುತ್ತದೆ. ಅದನ್ನು ವ್ಯಾಪಾರ ಮಾಡಲು ಹೊರಟವರು ಸಾಮಾನ್ಯವಾಗಿ ತಡವಾಗಿ ಕೂಡುವ ಲೆಕ್ಕಗಳೇ ಇಲ್ಲಿ ಹೆಚ್ಚು.

ಮೊದಲು ಖವಾ ಭಟ್ಟಿಯ ಲೆಕ್ಕವನ್ನೇ ಹಿಡಿಯೋಣ. ಸುಮಾರು 5 ಲೀಟರ್ ಎಮ್ಮೆ ಹಾಲಿಗೆ 1 ಕಿಲೋ ಖವಾ ಬರುತ್ತದೆ. ಅಂದರೆ ಒಂದು ಕಿಲೋ ಖವಾಕ್ಕೆ 4 ಲೀಟರ್ ನೀರನ್ನು ಆವಿ ಮಾಡಬೇಕು. ಆ ಬೆಂಕಿಯೇ ಈ ಕಸುಬಿನ ದೊಡ್ಡ ಖರ್ಚು. ಕಟ್ಟಿಗೆ ಒಲೆಯಾದರೆ ಅದರ ಭಾರ ಕಾಡಿನ ಮೇಲೂ ಬೀಳುತ್ತದೆ. ಇದೇ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ ಎಂಬುದನ್ನು ಇಲ್ಲಿ ನೆನಪಿಡಬೇಕು. ಚೀಸ್‌ನಲ್ಲಿ ನೀರನ್ನು ಸುಡುವುದಿಲ್ಲ, ಬಸಿಯುತ್ತಾರೆ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅರ್ಧ ಗಂಟೆ ಹಾಗೇ ಹಿಡಿದಿಟ್ಟು, 32–35 ಡಿಗ್ರಿಗೆ ಇಳಿಸಿ, ಹೆಪ್ಪು ಮತ್ತು ಹಾಲನ್ನು ಗಡ್ಡೆಗಟ್ಟಿಸುವ ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಒಂದು ಕಿಲೋ ಚೀಸ್‌ಗೆ ಹಿಡಿಯುವ 7 ಲೀಟರ್ ಹಾಲನ್ನು 63 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ, 4 ಲೀಟರ್ ನೀರನ್ನು ಆವಿ ಮಾಡುವ ಶಾಖದ ಹತ್ತರಲ್ಲಿ ಒಂದು ಪಾಲಿನಷ್ಟು. ಒಲೆಯ ಖರ್ಚು ಇಳಿಯಿತೆಂದು ಹಿಗ್ಗುವ ಹಾಗಿಲ್ಲ. ಅಲ್ಲಿ ಉಳಿದದ್ದನ್ನು ಫ್ರಿಜ್ಜು, ಕೋಲ್ಡ್ ರೂಮು, ಜನರೇಟರು ಕೇಳುತ್ತವೆ.

ಎರಡನೆಯ ಮಾತು ಎಮ್ಮೆಯದು. ಚೀಸ್ ಎಂದಕೂಡಲೇ ಹಲವರ ಕಣ್ಣ ಮುಂದೆ ಬರುವುದು ಚೆಡ್ಡಾರ್, ಗೌಡಾ. ಇವೆರಡೂ ಯುರೋಪಿನ ಹಸುವಿನ ಹಾಲಿನ ಸುತ್ತ ಬೆಳೆದ ಚೀಸ್‌ಗಳು. ಎಮ್ಮೆ ಹಾಲಿನಲ್ಲಿ ಕೊಬ್ಬು, ಕೇಸೀನ್, ಕ್ಯಾಲ್ಸಿಯಂ ಮೂರೂ ಹೆಚ್ಚು. ರೆನೆಟ್ ಬಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಗಡ್ಡೆ ಗಟ್ಟಿಯಾಗುತ್ತದೆ. ಹಸುವಿನ ಹಾಲಿನ ವಿಧಾನವನ್ನು ಹಾಗೆಯೇ ಅನುಸರಿಸಿ ಚೆಡ್ಡಾರ್ ಮಾಡಿದರೆ ಅದು ಒಣಗಿ, ರಬ್ಬರಿನಂತಾಗಿ, ಮಾಗಲು ತಿಂಗಳುಗಟ್ಟಲೆ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟು ತಿಂಗಳೂ ನಿಮ್ಮ ದುಡ್ಡು ಕಪಾಟಿನಲ್ಲಿ ಕೂತಿರುತ್ತದೆ. ಇದೇ ಹಾಲು ಮೊಝರೆಲ್ಲಾಕ್ಕೆ ಮಾತ್ರ ಹೇಳಿ ಮಾಡಿಸಿದಂಥದ್ದು. ಇಟಲಿಯ ಕಂಪಾನಿಯಾ ಸೀಮೆಯವರು ತಮ್ಮ ಹೆಸರಾಂತ ಮೊಝರೆಲ್ಲಾವನ್ನು ಎಮ್ಮೆ ಹಾಲಿನಿಂದಲೇ ಮಾಡುತ್ತಾರೆ. ನಮ್ಮ ದೇಶದಲ್ಲೂ ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಪರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಆನಂದ್‌ನಲ್ಲಿ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು, 1955ರಲ್ಲಿ ಅಲ್ಲಿ ಕಾರ್ಖಾನೆಯೇ ಎದ್ದಿತು. ಅಮುಲ್ ನಿಂತಿದ್ದು ಆ ಹಾಲಿನ ಮೇಲೆ.

ಹೀಗಾಗಿ ಮೊದಲ ವರ್ಷ ಮಾಗಿಸಬೇಕಿಲ್ಲದ ಹಸಿ ಚೀಸ್‌ನಲ್ಲೇ ಇರುವುದು ಜಾಣತನ. ಬೆಳಿಗ್ಗೆ ಮಾಡಿದ್ದು ವಾರದೊಳಗೆ ಮಾರಿ ಹೋಗಬೇಕು, ಹಾಲಿನ ಬಟವಾಡೆಗೆ ಅದೇ ದುಡ್ಡು ಬರಬೇಕು. ಮಾಗಿಸುವ ಚೀಸ್‌ಗೆ 10ರಿಂದ 13 ಡಿಗ್ರಿಯ ತಂಪು, ಶೇ 80–85ರಷ್ಟು ತೇವಾಂಶದ ಕೋಣೆ ವರ್ಷಪೂರ್ತಿ ಬೇಕು. ಬೆಳಗಾವಿಯ ಹವೆ ತಂಪು ಎಂಬ ಹೆಮ್ಮೆ ಏಪ್ರಿಲ್‌ನ ಮಧ್ಯಾಹ್ನ ನಡೆಯುವುದಿಲ್ಲ. ಕಣಕುಂಬಿ, ಅಮಗಾಂವ್ ಕಡೆಯಂತೂ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಹೊಡೆಯುವ ಊರುಗಳ ಸಾಲಿನವು. ಅಲ್ಲಿ ಆಷಾಢದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಚೀಸ್ ಬಿಡುತ್ತದೆಯೇ?

ಜಮ್ಮುವಿನ ಉದಾಹರಣೆ ಇಲ್ಲಿಗೆ ಹತ್ತಿರದ್ದು. ಉಧಂಪುರದ ಗುಜ್ಜರ್ ಮತ್ತು ಬಕ್ಕರ್‌ವಾಲ್ ಪಶುಪಾಲಕರು ಹಾಲನ್ನು ಹುಳಿ ನೀರಿನಿಂದ ಒಡೆಸಿ, ನಾದಿ ಎಳೆದು, ರೊಟ್ಟಿಯಂತೆ ತಟ್ಟಿ ಕಲಾರಿ ಮಾಡುತ್ತಾರೆ. ತವೆಯ ಮೇಲೆ ಅದರದೇ ಕೊಬ್ಬಿನಲ್ಲಿ ಅದು ಬೇಯುತ್ತದೆ. ಎಳೆಯುವ ಗುಣದಲ್ಲಿ ಮೊಝರೆಲ್ಲಾದ ಸೋದರನೇ ಸರಿ. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಖಾನಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕಿ ಬದುಕುವ ಗೌಳಿಗರಿದ್ದಾರೆ. ಇಟಾಲಿಯನ್ ಹೆಸರಿನ ಹಿಂದೆ ಬೀಳುವ ಮೊದಲು, ಅವರ ಹಾಲಿಗೆ ಈ ನೆಲದ್ದೇ ಆದ ಒಂದು ಹಸಿ ಚೀಸ್ ಹುಟ್ಟಬಹುದೇ ಎಂದು ನೋಡುವುದು ಒಳ್ಳೆಯದು. ಭೌಗೋಳಿಕ ಸೂಚಿಯ ಆಸೆ ಈಗಲೇ ಬೇಡ. ಧಾರವಾಡ ಪೇಡೆಗೆ ಅದು ಸಿಕ್ಕಿದ್ದು 2007ರಲ್ಲಿ, ತಲೆಮಾರುಗಳ ವ್ಯಾಪಾರ ನಡೆದ ಮೇಲೆ.

ಇನ್ನು ಹಾಲಿನ ಗುಣ. ಖವಾ ಕ್ಷಮಿಸುತ್ತದೆ, ಚೀಸ್ ಕ್ಷಮಿಸುವುದಿಲ್ಲ. ಕೆಚ್ಚಲು ಬಾವು ಬಂದ ಎಮ್ಮೆಗೆ ಸೂಜಿ ಹಾಕಿಸಿ ಮರುದಿನವೇ ಹಾಲು ಹಾಕಿದರೆ, ಖವಾ ಭಟ್ಟಿಯವರಿಗೆ ಗೊತ್ತೇ ಆಗಲಿಕ್ಕಿಲ್ಲ. ಚೀಸ್ ಮಾಡುವವರ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಆ್ಯಂಟಿಬಯೋಟಿಕ್‌ಗೆ ಸತ್ತು ಇಡೀ ತೊಟ್ಟಿ ಹಾಲು ಹುಳಿಯೇರದೆ ಕೂರುತ್ತದೆ. ಹಾಲು ಒಡೆಯದಿರಲೆಂದು ಯಾರಾದರೂ ಸೋಡಾ ಬೆರೆಸಿದ್ದರೂ ಅದೇ ಗತಿ. ಹಾಲು ಸಂಘದಲ್ಲಿ ಮುಖ್ಯವಾಗಿ ಫ್ಯಾಟ್ ನೋಡಿ ದರ ಹಾಕುತ್ತಾರೆ. ಚೀಸ್‌ಗೆ ಫ್ಯಾಟಿನ ಜೊತೆ ಪ್ರೋಟೀನ್, ಹುಳಿ, ಔಷಧದ ಅಂಶ ಎಲ್ಲವನ್ನೂ ನೋಡಬೇಕು. ಔಷಧ ಕೊಟ್ಟ ದಿನಗಳ ಹಾಲನ್ನು ತರಬೇಡಿ ಎಂದು ರೈತರಿಗೆ ಹೇಳಿದರೆ ಸಾಲದು, ಆ ದಿನಗಳ ನಷ್ಟದಲ್ಲಿ ಪಾಲು ಕೊಡುವ ಏರ್ಪಾಡೂ ಇರಬೇಕು. ಇಲ್ಲದಿದ್ದರೆ ಹಾಲು ಸುಳ್ಳಿನ ಜೊತೆಗೇ ಬರುತ್ತದೆ. ಹಸಿ ಹಾಲಿನ ಚೀಸ್ ಹೆಚ್ಚು ರುಚಿ ಎಂಬ ಮಾತನ್ನು ನಂಬಿ ಕಾಯಿಸದೆ ಮಾಡುವ ಸಾಹಸವಂತೂ ಬೇಡ. ಬ್ರೂಸೆಲ್ಲಾ, ಕ್ಷಯ ಎರಡೂ ನಮ್ಮ ದನಕರುಗಳಲ್ಲಿ ಇರುವ ರೋಗಗಳೇ.

ದರದಲ್ಲಿ ಪೇಟೆಯಿಂದ ಬಂದವರು ತಪ್ಪು ಎಣಿಸುವ ಒಂದು ಬಾಬತ್ತಿದೆ. ಹಾಲು ಒಕ್ಕೂಟದ ಸಂಘಕ್ಕೆ ಹಾಲು ಹಾಕುವವರಿಗೆ ಖರೀದಿ ದರದ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ₹5 ಸಿಗುತ್ತದೆ. ನಿಮಗೆ ಹಾಲು ಕೊಟ್ಟವರಿಗೆ ಅದು ಸಿಗದು. ಅಂದರೆ ಸಂಘದ ದರಕ್ಕೆ ₹5 ಸೇರಿಸಿ, ಅದರ ಮೇಲೆ ಆಸೆ ಹುಟ್ಟಿಸುವಷ್ಟು ಕೊಟ್ಟರೇನೇ ಹಾಲು ನಿಮ್ಮ ಬಾಗಿಲಿಗೆ ಬರುವುದು. ಸಂಘ ವರ್ಷವಿಡೀ ಹಾಲು ತೆಗೆದುಕೊಳ್ಳುತ್ತದೆ. ನೀವು ದೀಪಾವಳಿಗೆ ತೆಗೆದುಕೊಂಡು ಮಳೆಗಾಲದಲ್ಲಿ ಬೇಡವೆಂದರೆ ಮರುವರ್ಷ ಯಾರೂ ಮಾತಾಡಿಸುವುದಿಲ್ಲ. ಖಾನಾಪುರದ ಹಲವು ಹಳ್ಳಿಗಳಲ್ಲಿ ಈ ಮಾತುಕತೆ ನಡೆಯುವುದು ಮರಾಠಿಯಲ್ಲಿ ಎಂಬುದು ಬೆಳಗಾವಿಯವರಿಗೆ ಹೇಳಬೇಕಾದ್ದಲ್ಲ, ಬೆಂಗಳೂರಿನಿಂದ ಬಂದ ಪಾಲುದಾರರಿಗೆ ಹೇಳಬೇಕು.

ಒಂದು ಅಂದಾಜು. ಲೀಟರಿಗೆ ₹60 ಬಿತ್ತೆಂದುಕೊಳ್ಳಿ. ಕಿಲೋ ಮೊಝರೆಲ್ಲಾಕ್ಕೆ 7 ಲೀಟರ್ ಹಿಡಿದರೆ ಹಾಲಿಗೇ ₹420. ಕೂಲಿ, ಕರೆಂಟು, ಪ್ಯಾಕಿಂಗ್, ಸಾಗಣೆ, ಕೆಟ್ಟು ಚೆಲ್ಲಿದ್ದು ಎಲ್ಲ ಇದರ ಮೇಲೆ. ಪಿಜ್ಜಾ ಅಂಗಡಿಗೆ ದೊಡ್ಡ ಡೇರಿಗಳ ಬ್ಲಾಕ್ ಚೀಸ್ ಬರುವ ದರದಲ್ಲಿ ನೀವು ಮಾರಲಾರಿರಿ. ವನಸ್ಪತಿ ಎಣ್ಣೆ ಬೆರೆತ ಅನಲಾಗ್ ಮಾಲಿನ ಜೊತೆಗಂತೂ ಸ್ಪರ್ಧೆಯ ಮಾತೇ ಇಲ್ಲ. ಆ ಗಿರಾಕಿ ನಿಮ್ಮವನಲ್ಲ, ಬಿಟ್ಟುಬಿಡಿ.

ಈಗ ಹಾಲೊಡಕು, ಅಂದರೆ ಚೀಸ್ ಬಸಿದಾಗ ಉಳಿಯುವ ನೀರು. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ದಿನಕ್ಕೆ 100 ಲೀಟರ್ ಎಮ್ಮೆ ಹಾಲು ಹಾಕಿದರೆ ಸುಮಾರು 14 ಕಿಲೋ ಚೀಸ್ ಬರುತ್ತದೆ, 85 ಲೀಟರ್‌ನಷ್ಟು ಹಾಲೊಡಕು ಉಳಿಯುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಚೀಸ್ ಘಟಕ ದಿನವೂ ತಯಾರಿಸುವುದು ಹಾಲೊಡಕನ್ನೇ, ಚೀಸ್ ಅದರ ಜೊತೆಗೆ ಸಿಗುವ ಮಾಲು. ಹಾಲಿನ ಸಕ್ಕರೆಯ ಬಹುಪಾಲು ಆ ತಿಳಿ ಹಸಿರು ನೀರಿನಲ್ಲಿ ಹೋಗಿರುತ್ತದೆ, ಒಂದಿಷ್ಟು ಒಳ್ಳೆಯ ಪ್ರೋಟೀನೂ ಹೋಗಿರುತ್ತದೆ. ನೀರೇ ತಾನೆ ಎಂದು ಮೋರಿಗೆ ಬಿಟ್ಟರೆ ದೊಡ್ಡ ಅನಾಹುತ. ನೀರಿನಲ್ಲಿನ ಆಮ್ಲಜನಕವನ್ನು ಕಸಿಯುವ ಶಕ್ತಿಯನ್ನು ಬಿಒಡಿ ಎಂದು ಅಳೆಯುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ. ಹಾಲೊಡಕಿನಲ್ಲಿ 30,000 ಮಿಲಿಗ್ರಾಂ ದಾಟುತ್ತದೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಹರಿಯುವುದು ಖಾನಾಪುರದ ಪಕ್ಕದಲ್ಲೇ. ಇಲ್ಲಿನ ಹಳ್ಳಕ್ಕೆ ಬಿಟ್ಟ ಹಾಲೊಡಕು ಕೆಳಗಿನ ಊರುಗಳು ಕುಡಿಯುವ ನದಿಯನ್ನೇ ಸೇರುತ್ತದೆ. ಘಟಕಕ್ಕೆ ಜಾಗ ಹುಡುಕುವಾಗ ರಸ್ತೆ, ಕರೆಂಟಿನ ಜೊತೆಗೆ ಇದನ್ನೂ ಕೇಳಿಕೊಳ್ಳಬೇಕು: ದಿನದ 85 ಲೀಟರ್ ಎಲ್ಲಿಗೆ ಹೋಗುತ್ತದೆ?

ಸುಲಭದ ಉತ್ತರ, ಹಾಲು ಕೊಟ್ಟ ಎಮ್ಮೆಗಳಿಗೇ ವಾಪಸ್ಸು. ಬೆಳಿಗ್ಗೆ ಹಾಲು ತಂದ ಕ್ಯಾನಿನಲ್ಲೇ, ಅದನ್ನು ತೊಳೆದ ಮೇಲೆ, ಒಂದಿಷ್ಟು ಹಾಲೊಡಕು ಹಿಂತಿರುಗಬಹುದು. ಹಿಂಡಿ ನೆನೆಸಲು ಅದು ಒದಗುತ್ತದೆ, ರೈತರ ಜೊತೆಗಿನ ಸಂಬಂಧವೂ ಗಟ್ಟಿಯಾಗುತ್ತದೆ. ಎರಡನೆಯ ಉತ್ತರ ರಿಕೋಟಾ. ಹಾಲೊಡಕನ್ನು 85–90 ಡಿಗ್ರಿಗೆ ಕಾಯಿಸಿ ಸ್ವಲ್ಪ ಹುಳಿ ಹಾಕಿದರೆ ಉಳಿದ ಪ್ರೋಟೀನ್ ಮೃದುವಾಗಿ ತೇಲಿ ಬರುತ್ತದೆ. ಬರುವುದು ಕಡಿಮೆ, ಬಾಳಿಕೆಯೂ ಕಡಿಮೆ.

ಮೂರನೆಯ ಉತ್ತರಕ್ಕೆ ನಾರ್ವೆಗೆ ಹೋಗಿ ಬರಬೇಕು. ಅಲ್ಲಿನ ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಜನ ಮೊದಲಿನಿಂದಲೂ ಹಾಲೊಡಕನ್ನು ಬತ್ತಿಸಿ ತಿನ್ನುತ್ತಿದ್ದರು. 1863ರಲ್ಲಿ ಆನ್ನೆ ಹೋವ್ ಎಂಬ ಹೈನುಗಾರ ಹೆಂಗಸು ಕುದಿಯುವ ಹಾಲೊಡಕಿಗೆ ಕೆನೆ ಸೇರಿಸಿದಳು. ಕಂದು ಬಣ್ಣದ, ಸಿಹಿ-ಉಪ್ಪು ಕೂಡಿದ ಗಟ್ಟಿ ತುಂಡು ಸಿಕ್ಕಿತು. ಬೆಣ್ಣೆಗಿಂತ, ಮಾಮೂಲಿ ಚೀಸ್‌ಗಿಂತ ಅದಕ್ಕೆ ಒಳ್ಳೆಯ ದರ ಬಂತು, ಕಷ್ಟದಲ್ಲಿದ್ದ ಕಣಿವೆಗೆ ಆಸರೆಯಾಯಿತು. 1933ರಲ್ಲಿ, ಮುಪ್ಪಿನಲ್ಲಿ, ನಾರ್ವೆಯ ದೊರೆಯ ಪದಕ ಅವಳಿಗೆ ಸಂದಿತು. ಆ ಕಂದು ಚೀಸ್‌ನ ಹೆಸರು ಬ್ರೂನೋಸ್ಟ್. ಮುಂಬೈನ ಎಲೆಫ್ತೇರಿಯಾ ಎಂಬ ಸಣ್ಣ ಚೀಸ್ ಕಂಪನಿಯ ಮೌಸಮ್ ನಾರಂಗ್ ಇದೇ ಬ್ರೂನೋಸ್ಟ್ ಮಾಡಿ 2021ರ ವರ್ಲ್ಡ್ ಚೀಸ್ ಅವಾರ್ಡ್ಸ್‌ನಲ್ಲಿ ಬೆಳ್ಳಿ ಗೆದ್ದರು. ಅವರಿಗೆ ಹೆಸರು ತಂದುಕೊಟ್ಟದ್ದು ಚೆಡ್ಡಾರ್ ಅಲ್ಲ, ಬೇರೆಯವರು ಚೆಲ್ಲುವ ಹಾಲೊಡಕು.

ಬ್ರೂನೋಸ್ಟ್ ಮಾಡುವ ಕ್ರಮ ಓದಿದರೆ ಕುಂದಾ ಗೊತ್ತಿದ್ದವರಿಗೆ ನಗು ಬರಬೇಕು. ದೊಡ್ಡ ಕಡಾಯಿ, ಗಂಟೆಗಟ್ಟಲೆ ಕುದಿ, ತಳ ಹಿಡಿಯದಂತೆ ಕೈಯಾಡಿಸುವುದು, ಬಣ್ಣ ತಿರುಗುವ ಗಳಿಗೆ ಗುರುತಿಸುವುದು, ಇಳಿಸಿ ಆರುವಾಗ ಸಕ್ಕರೆ ಹರಳುಗಟ್ಟದಂತೆ ತಿರುವುವುದು. ಹಾಲಿನ ಸಕ್ಕರೆಯೂ ಪ್ರೋಟೀನೂ ಬಿಸಿಯಲ್ಲಿ ಕೂಡಿ ಕಂದಾಗುವ ರಸಾಯನ ಎರಡಕ್ಕೂ ಒಂದೇ. ಖವಾ ಭಟ್ಟಿಯ ಮುಂದೆ ಆಯುಷ್ಯ ಕಳೆದವರ ಕೈಗೆ ಇದನ್ನು ಯಾವ ವಿದೇಶಿ ತರಬೇತಿಯೂ ಹೆಚ್ಚಾಗಿ ಕಲಿಸಲಾರದು. ನಿಮ್ಮ ಎದುರಾಳಿಗಳಿಗೆ ಇಲ್ಲದ, ನಿಮ್ಮ ತಾಲ್ಲೂಕಿಗೆ ಮಾತ್ರ ಇರುವ ಬಂಡವಾಳ ಇದೊಂದೇ.

ಆದರೆ ಬೆಂಕಿಯ ಲೆಕ್ಕ ಇಲ್ಲಿ ಮತ್ತೆ ಎದುರಾಗುತ್ತದೆ. ಹಾಲೊಡಕಿನಲ್ಲಿ ಘನಾಂಶ ನೂರಕ್ಕೆ ಆರರಷ್ಟು ಮಾತ್ರ. 85 ಲೀಟರ್ ಬತ್ತಿಸಿದರೆ ಉಳಿಯುವುದು ಆರೇಳು ಕಿಲೋ. ಕಿಲೋಗೆ ಆವಿ ಮಾಡಬೇಕಾದ ನೀರು ಖವಾದ ಮೂರು ಪಟ್ಟು. ಕಾಡಿನ ಕಟ್ಟಿಗೆ ಉರಿಸಿ ಇದನ್ನು ಮಾಡುವ ಯೋಚನೆ ಯಾರಿಗೂ ಬರದಿರಲಿ. ಎಲ್ಲ ಹಾಲೊಡಕನ್ನೂ ಬತ್ತಿಸುವುದು ಲೆಕ್ಕಕ್ಕೆ ಕೂಡುವುದಿಲ್ಲ. ಬಹುಪಾಲು ಎಮ್ಮೆಗಳಿಗೆ ಹೋಗಲಿ. ಒಳ್ಳೆಯ ದರಕ್ಕೆ ಮುಂಗಡ ಬೇಡಿಕೆ ಇದ್ದಷ್ಟನ್ನು ಮಾತ್ರ ಗೋಬರ್ ಗ್ಯಾಸ್ ಇಲ್ಲವೇ ಹಬೆಯ ಕಡಾಯಿಯಲ್ಲಿ ಬತ್ತಿಸಿ, ಸಣ್ಣ ತುಂಡುಗಳಾಗಿ ಮಾರಬೇಕು. ಅದರಿಂದ ಹೊಟ್ಟೆ ತುಂಬಲಿಕ್ಕಿಲ್ಲ, ಹೆಸರು ನಿಲ್ಲುತ್ತದೆ. ಹಸಿ ಚೀಸ್ ಮಾರಲು ಆ ಹೆಸರು ಬೇಕು.

ಪೇಟೆ ಎಲ್ಲಿದೆ? ಬೆಳಗಾವಿಯ ಕ್ಯಾಂಪ್, ತಿಲಕವಾಡಿ ಬಡಾವಣೆಗಳಲ್ಲಿ ತಿನ್ನುವವರಿದ್ದಾರೆ, ಸಾಲುವಷ್ಟಿಲ್ಲ. ದೊಡ್ಡ ಪೇಟೆ ಗೋವಾ. ಜಾಂಬೋಟಿ, ಕಣಕುಂಬಿಯ ಮೇಲೆಯೇ ಚೋರ್ಲಾ ಘಾಟಿನ ರಸ್ತೆ ಪಣಜಿಗೆ ಇಳಿಯುತ್ತದೆ. ಹಾಲು ಹುಟ್ಟುವ ಊರಿನ ಬಾಗಿಲಲ್ಲೇ ಪೇಟೆಯ ದಾರಿ ಇರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಗೋವಾದ ಪ್ರವಾಸಿ ಹಂಗಾಮು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಮಳೆಗಾಲದಲ್ಲಿ ಘಾಟಿನ ರಸ್ತೆ ಯಾವಾಗ ಕೈಕೊಡುತ್ತದೋ ಹೇಳಲಾಗದು. ಹೋಟೆಲಿನವರು ಉದ್ರಿ ಹೇಳುತ್ತಾರೆ, ಹಾಲಿನವರಿಗೆ ವಾರದ ಬಟವಾಡೆ ನಿಲ್ಲಿಸಲಾಗದು. ಇವೆರಡರ ನಡುವಿನ ದುಡ್ಡೇ ನಿಜವಾದ ಬಂಡವಾಳ, ಯಂತ್ರಕ್ಕೆ ಹಾಕುವುದು ಆಮೇಲಿನ ಮಾತು.

ಚೀಸ್ ಒಂದನ್ನೇ ನಂಬದೆ ನಡೆದವರೂ ಇದ್ದಾರೆ. ‘ಕಯಾಮತ್ ಸೇ ಕಯಾಮತ್ ತಕ್’ ನಿರ್ದೇಶಿಸಿದ ಮನ್ಸೂರ್ ಖಾನ್ ಸಿನಿಮಾ ಬಿಟ್ಟು ಕೂನೂರಿಗೆ ಹೋಗಿ ಏಕರ್ಸ್ ವೈಲ್ಡ್ ಎಂಬ ತೋಟದಲ್ಲಿ ಚೀಸ್ ಮಾಡತೊಡಗಿದರು. ಅಲ್ಲಿ ಉಳಿಯಲು ಬಂದವರಿಗೆ ಕೋಣೆಯೂ ಇದೆ, ಚೀಸ್ ಮಾಡುವ ಪಾಠವೂ ಇದೆ. ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಸಂನ್ಯಾಸಿಗಳು ಇಟಲಿಯಲ್ಲಿ ಕಲಿತ ವಿದ್ಯೆಯಿಂದ ವಲ್ಲೊಂಬ್ರೋಸಾ ಹೆಸರಿನ ಮೊಝರೆಲ್ಲಾ ಮಾಡಿ ಮಾರುತ್ತಾರೆ. ಮಠದವರಿಗೆ ಮನೆ ಬಾಡಿಗೆಯ ಚಿಂತೆ ಬೇರೆ ಥರ ಎಂಬುದನ್ನೂ ಗಮನಿಸಿ.

ಕಲಿಯಲು ರಾಜ್ಯ ಬಿಟ್ಟು ಹೋಗಬೇಕಿಲ್ಲ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ 1923ರಲ್ಲಿ ಆರಂಭವಾದದ್ದು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ, 1927ರಲ್ಲಿ ಅಲ್ಲಿಗೆ ಹೋಗಿ ಹೈನುಗಾರಿಕೆಯ ಪಾಠ ಹೇಳಿಸಿಕೊಂಡರು. ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇವೆ. ಜಿಲ್ಲೆಯೊಳಗೇ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೆನೆಟ್ ವಿಷಯದಲ್ಲಿ ಒಂದೇ ಮಾತು: ಶಿಲೀಂಧ್ರದಿಂದ ತೆಗೆದ ಸಸ್ಯಾಹಾರಿ ರೆನೆಟ್ ಬಳಸಿ, ಡಬ್ಬಿಯ ಮೇಲೆ ಅದನ್ನು ಬರೆಯಿರಿ. ಈ ಭಾಗದ ಗಿರಾಕಿ ಅದನ್ನು ಕೇಳಿಯೇ ಕೇಳುತ್ತಾನೆ.

ಕಾಗದಪತ್ರದ ಮಾತು ಚಿಕ್ಕದು. ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿ ಇಲ್ಲದೆ ಒಂದು ಡಬ್ಬಿಯೂ ಹೊರಗೆ ಹೋಗಬಾರದು. 2020ರಲ್ಲಿ ಬಂದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ ಶೇ 35ರ ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸಿ, ₹15 ಲಕ್ಷದ ಮಿತಿಯೊಳಗೆ ಅರ್ಧದಷ್ಟು ಕೊಡುವ ಏರ್ಪಾಡು ಮಾಡಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಯೋಜನಾ ವರದಿ ಬರೆಸಿ. ಆ ಯೋಜನೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಬೆಳಗಾವಿಯ ಹೆಸರಿನ ಮುಂದೆ ಇರುವುದು ಬೆಲ್ಲ, ಹಾಲಲ್ಲ. 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಸಬ್ಸಿಡಿ ಸಿಕ್ಕರೆ ಸಂತೋಷ. ಸಬ್ಸಿಡಿ ಇಲ್ಲದೆ ಕೂಡದ ಲೆಕ್ಕ, ಸಬ್ಸಿಡಿ ಬಂದ ಮೇಲೂ ಹೆಚ್ಚು ದಿನ ಕೂಡುವುದಿಲ್ಲ.

ಕೊನೆಗೆ ಎರಡು ಕೋರಿಕೆ. ಬೆಳಗಾವಿಯ ಯುವಕ ಯುವತಿಯರಿಗೆ ಮೊದಲನೆಯದು: ಭಟ್ಟಿಯ ಅಕ್ಕಂದಿರನ್ನು ದಿನಗೂಲಿಗೆ ಕರೆಯಬೇಡಿ, ಕಂಪನಿಯಲ್ಲಿ ಪಾಲು ಕೊಡಿ. ಬಣ್ಣ ತಿರುಗುವ ಗಳಿಗೆ ಗೊತ್ತಿರುವುದು ಅವರಿಗೆ. ಎರಡನೆಯದು ಎಲ್ಲರಿಗೂ: ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಜುಲೈ ತಿಂಗಳಲ್ಲಿ ಜಾಂಬೋಟಿ–ಕಣಕುಂಬಿ ದಾರಿಯ ಹಳ್ಳಿಗಳಲ್ಲಿ ಒಂದು ವಾರ ಇದ್ದು ಬನ್ನಿ. ಆ ವಾರ ಎಷ್ಟು ಲೀಟರ್ ಹಾಲು ಬಂತು, ಕರೆಂಟು ಎಷ್ಟು ಹೊತ್ತು ಹೋಯಿತು, ಘಾಟಿನಲ್ಲಿ ಗಾಡಿ ಎಷ್ಟು ದಿನ ಇಳಿಯಿತು, ಇಷ್ಟನ್ನು ಬರೆದುಕೊಂಡು ಬ್ಯಾಂಕಿಗೆ ಹೋಗಿ.

ಇಂತಿ ನಿಮ್ಮ ಹಿತೈಷಿ